ಆಡದ ಪಂದ್ಯಗಳ ಲೆಕ್ಕ



ಅಮೆರಿಕದಲ್ಲಿ ಪ್ರತಿ ವರ್ಷ ನವೆಂಬರ್ ತಿಂಗಳ ಆರಂಭದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ಶುರುವಾಗುತ್ತದೆ. ಮೊದಲ ದರ್ಜೆಯ ಪುರುಷರ ವಿಭಾಗದಲ್ಲೇ 360ಕ್ಕೂ ಹೆಚ್ಚು ಕಾಲೇಜುಗಳ ತಂಡಗಳಿವೆ. ಆದರೆ ಒಂದು ಚೆಂಡೂ ಪುಟಿಯುವ ಮೊದಲೇ, ಅಕ್ಟೋಬರ್‌ನಲ್ಲೇ, ಯಾವ ತಂಡ ಎಷ್ಟು ಬಲಶಾಲಿ ಎಂಬ ಪಟ್ಟಿಗಳು ಹೊರಬೀಳುತ್ತವೆ. ಕೆಲವು ಪಟ್ಟಿಗಳನ್ನು ಕ್ರೀಡಾ ಪತ್ರಕರ್ತರು ಮತ ಹಾಕಿ ತಯಾರಿಸುತ್ತಾರೆ, ಇನ್ನು ಕೆಲವನ್ನು ಗಣಕಯಂತ್ರ ತಯಾರಿಸುತ್ತದೆ. ಇನ್ನೂ ಆಡದೇ ಇರುವ ಪಂದ್ಯಗಳ ಬಗ್ಗೆ ಇವರು ಇಷ್ಟು ಧೈರ್ಯವಾಗಿ ಮಾತನಾಡುವುದು ಹೇಗೆ? ಇದು ಜ್ಯೋತಿಷ್ಯವೋ, ಗಣಿತವೋ?

ಉತ್ತರಕ್ಕೆ ಮೊದಲು ನಮ್ಮ ಮಳೆಗಾಲವನ್ನು ನೆನಪಿಸಿಕೊಳ್ಳಿ. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮುನ್ಸೂಚನೆ ಕೊಡುವಾಗ ‘ವಾಡಿಕೆ ಮಳೆ’ ಎಂಬ ಮಾತನ್ನು ಬಳಸುತ್ತದೆ. 1971ರಿಂದ 2020ರವರೆಗಿನ ಐವತ್ತು ವರ್ಷಗಳ ಸರಾಸರಿಯಂತೆ ದೇಶಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಡಿಕೆಯಾಗಿ 87 ಸೆಂಟಿಮೀಟರ್ ಮಳೆ. ಈ ವರ್ಷದ ಬಗ್ಗೆ ನಿಮಗೆ ಏನೇನೂ ತಿಳಿಯದಿದ್ದರೆ ಆ 87ನ್ನೇ ಹೇಳುವುದು ಜಾಣತನ. ಸಾಗರದ ಉಷ್ಣತೆ ಮುಂತಾದ ಸುಳಿವುಗಳು ಸಿಕ್ಕಂತೆ ಅದರಿಂದ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಯಬಹುದು. ತಂಡದ ಬಲದ ಅಂದಾಜೂ ಹೀಗೆಯೇ ವಾಡಿಕೆಯಿಂದ ಹೊರಡುತ್ತದೆ.

ಹಾಗಾದರೆ ತಂಡದ ‘ಬಲ’ವನ್ನು ಅಳೆಯುವುದು ಯಾವುದರಿಂದ? ಗೆಲುವಿನ ಸಂಖ್ಯೆಯಿಂದ ಎಂದು ನೀವು ಹೇಳಬಹುದು. ಒಂದು ಅಂಕದ ಗೆಲುವೂ ಗೆಲುವೇ, ಮೂವತ್ತು ಅಂಕದ ಗೆಲುವೂ ಗೆಲುವೇ ಆದ್ದರಿಂದ ಅದು ಒರಟು ಅಳತೆ. ಪಂದ್ಯಕ್ಕೆ ಎಷ್ಟು ಅಂಕ ಎಂಬುದೂ ಮೋಸಗೊಳಿಸುತ್ತದೆ. ಓಡಿ ಓಡಿ ಆಡುವ ತಂಡವೊಂದಕ್ಕೆ ಪಂದ್ಯದಲ್ಲಿ ಚೆಂಡು 80 ಸರದಿ ಸಿಕ್ಕಿ ಅದು 80 ಅಂಕ ಗಳಿಸಿತೆನ್ನಿ. ನಿಧಾನವಾಗಿ ಆಡುವ ಇನ್ನೊಂದು ತಂಡ 62 ಸರದಿಯಲ್ಲಿ 70 ಅಂಕ ಗಳಿಸಿತು. ಫಲಕದಲ್ಲಿ ಮೊದಲನೆಯದು ದೊಡ್ಡದು. ಆದರೆ ನೂರು ಸರದಿಗೆ ಲೆಕ್ಕ ಹಾಕಿ: ಮೊದಲನೆಯದು 100, ಎರಡನೆಯದು ಸುಮಾರು 113! ರಕ್ಷಣೆಯಲ್ಲೂ ಇದೇ ಲೆಕ್ಕ, ನೂರು ಸರದಿಗೆ ಎದುರಾಳಿಗೆ ಎಷ್ಟು ಅಂಕ ಬಿಟ್ಟುಕೊಟ್ಟಿರಿ ಎಂಬುದು. ಎದುರಾಳಿ ಎಷ್ಟು ಗಟ್ಟಿ ಎಂಬುದಕ್ಕೆ ತಕ್ಕಂತೆ ಈ ಎರಡು ಸಂಖ್ಯೆಗಳನ್ನು ತಿದ್ದಬೇಕು. ಡೀನ್ ಆಲಿವರ್ ಎಂಬ ಸಂಖ್ಯಾಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಪುಸ್ತಕ ಈ ದಾರಿಯನ್ನು ಜನಪ್ರಿಯಗೊಳಿಸಿತು. ಕಾಲೇಜು ಆಟಕ್ಕೆ ಇದನ್ನು ಅನ್ವಯಿಸಿ ಹೆಸರಾದವರು ಕೆನ್ ಪೊಮರಾಯ್. ಇವರು ಹವಾಮಾನ ಶಾಸ್ತ್ರ ಕಲಿತವರು ಎಂದರೆ ನಿಮಗೆ ನಗು ಬರಬಹುದು.

ಸರದಿಗಳನ್ನು ಯಾರೂ ಕೂತು ಎಣಿಸಬೇಕಿಲ್ಲ. ಬುಟ್ಟಿಗೆ ಎಸೆದ ಎಸೆತಗಳಿಂದ ತಾವೇ ಮರಳಿ ಹಿಡಿದ ರಿಬೌಂಡ್‌ಗಳನ್ನು ಕಳೆಯಿರಿ, ಎಸೆಯದೆ ಕಳೆದುಕೊಂಡ ಚೆಂಡುಗಳನ್ನು ಕೂಡಿಸಿ, ಫ್ರೀ ಥ್ರೋಗಳ ಸಂಖ್ಯೆಯನ್ನು 0.475ರಿಂದ ಗುಣಿಸಿ ಅದನ್ನೂ ಕೂಡಿಸಿ. 60 ಎಸೆತ, 10 ರಿಬೌಂಡ್, ಕಳೆದುಕೊಂಡ ಚೆಂಡು 12, ಫ್ರೀ ಥ್ರೋ 20 ಆದರೆ 60 − 10 + 12 + 9.5, ಅಂದರೆ 71.5 ಸರದಿ.

ಕಳೆದ ಋತುವಿನ ಬಲ ಹೀಗೆ ಸಿಕ್ಕಿತು. ಬರುವ ಋತುವಿಗೆ ಅದನ್ನೇ ಎತ್ತಿಡಬಹುದೇ? ಇಲ್ಲ. ಇಲ್ಲಿಯೇ ವಿಷಯದ ಗಂಟು ಇರುವುದು. ಬಹಳ ಚೆನ್ನಾಗಿ ಆಡಿದ ತಂಡದಲ್ಲಿ ಸಾಮರ್ಥ್ಯದ ಜೊತೆಗೆ ಸ್ವಲ್ಪ ಅದೃಷ್ಟವೂ ಸೇರಿರುತ್ತದೆ. ಸಾಮರ್ಥ್ಯ ಮುಂದಿನ ವರ್ಷಕ್ಕೆ ಬರುತ್ತದೆ, ಅದೃಷ್ಟ ಬರಲೇಬೇಕೆಂದಿಲ್ಲ. ಆದ್ದರಿಂದ ಮೇಲಿದ್ದವರು ಸರಾಸರಿಯ ಕಡೆಗೆ ಸ್ವಲ್ಪ ಇಳಿಯುತ್ತಾರೆ, ಕೆಳಗಿದ್ದವರು ಸ್ವಲ್ಪ ಏರುತ್ತಾರೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ಬರೆದದ್ದು ಇದನ್ನೇ. ಬಹಳ ಎತ್ತರದವರ ಮಕ್ಕಳು ಎತ್ತರವೇ, ಆದರೆ ಸಾಮಾನ್ಯವಾಗಿ ಅಷ್ಟೊಂದು ಅಲ್ಲ.

ಒಬ್ಬ ಆಟಗಾರನನ್ನು ತೆಗೆದುಕೊಳ್ಳೋಣ. ದೂರದಿಂದ ಎಸೆಯುವ ಮೂರು ಅಂಕದ ಎಸೆತದಲ್ಲಿ ಒಬ್ಬ 10ಕ್ಕೆ 4, ಇನ್ನೊಬ್ಬ 400ಕ್ಕೆ 160 ಬುಟ್ಟಿಗೆ ಹಾಕಿದ್ದಾನೆ. ಇಬ್ಬರದೂ ಶೇಕಡಾ 40. ಇಬ್ಬರನ್ನೂ ಸಮ ಎಂದು ನಂಬುತ್ತೀರಾ? ಅಮೆರಿಕದ ಕಾಲೇಜು ಆಟದಲ್ಲಿ ಇಂಥ ಎಸೆತದ ವಾಡಿಕೆ ಸುಮಾರು ಶೇಕಡಾ 34. ಇಬ್ಬರ ಖಾತೆಗೂ ವಾಡಿಕೆಯ 100 ಎಸೆತಗಳನ್ನು, ಅಂದರೆ 34 ಬುಟ್ಟಿಗಳನ್ನು, ಸುಮ್ಮನೆ ಸೇರಿಸಿ ನೋಡಿ. (ನೂರೇ ಏಕೆ ಎಂದು ಕೇಳಬೇಡಿ, ಇದು ಉದಾಹರಣೆಗಾಗಿ ನಾನು ಹಿಡಿದ ಸಂಖ್ಯೆ.) ಮೊದಲನೆಯವನದು 110ಕ್ಕೆ 38, ಶೇಕಡಾ 34.5. ಎರಡನೆಯವನದು 500ಕ್ಕೆ 194, ಶೇಕಡಾ 38.8. ಹತ್ತೇ ಎಸೆತ ಕಂಡವರು ವಾಡಿಕೆಗೇ ಅಂಟಿಕೊಳ್ಳಬೇಕು, ನಾನೂರು ಕಂಡವರು ಕಣ್ಣನ್ನು ನಂಬಬಹುದು.

ತಂಡಕ್ಕೂ ಹೀಗೆಯೇ. ಕಳೆದ ಕೆಲವು ವರ್ಷಗಳ ಬಲವನ್ನು ವಾಡಿಕೆಯ ಕಡೆಗೆ ಎಳೆದು, ಅನಂತರ ಯಾರು ಉಳಿದಿದ್ದಾರೆ, ಯಾರು ಹೋದರು, ಯಾರು ಬಂದರು ಎಂದು ನೋಡುತ್ತಾರೆ. ಹಿಂದೆ ಇದು ಸುಲಭವಾಗಿತ್ತು, ಹುಡುಗ ನಾಲ್ಕು ವರ್ಷ ಒಂದೇ ಕಾಲೇಜಿನಲ್ಲಿ ಇರುತ್ತಿದ್ದ. ವೃತ್ತಿಪರ ತಂಡಗಳು 2006ರಿಂದ 19 ವರ್ಷ ವಯಸ್ಸಿನ ನಿಯಮ ತಂದ ಮೇಲೆ ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಹೊರಡುವ ಪ್ರತಿಭಾವಂತರು ಹೆಚ್ಚಿದರು. 2021ರಿಂದ ಒಮ್ಮೆ ಕಾಲೇಜು ಬದಲಿಸಿದವರೂ ವರ್ಷ ಕಾಯದೆ ಆಡಬಹುದಾಯಿತು. 2024ರಲ್ಲಿ, ಓದಿನಲ್ಲಿ ಅರ್ಹತೆ ಇದ್ದರೆ, ಎಷ್ಟು ಸಲ ಬದಲಿಸಿದರೂ ತಡೆಯಿಲ್ಲ ಎಂದಾಯಿತು. ಹೆಸರು ಅದೇ, ಅಂಗಿಯ ಬಣ್ಣ ಅದೇ, ಒಳಗಿರುವವರು ಬೇರೆ! ಲೆಕ್ಕ ಹಾಕುವವರ ಪಾಡು ಕೇಳಬೇಡಿ.

ಈಗ ಎರಡು ನಿಜವಾದ ಕಥೆಗಳು. ಪುರುಷರ ರಾಷ್ಟ್ರೀಯ ಪಂದ್ಯಾವಳಿ ಮಾರ್ಚ್ ತಿಂಗಳಲ್ಲಿ 68 ತಂಡಗಳೊಡನೆ ನಡೆಯುತ್ತದೆ. ನಾಲ್ಕು ವಿಭಾಗಗಳು, ಪ್ರತಿ ವಿಭಾಗದಲ್ಲಿ 1ರಿಂದ 16ರವರೆಗೆ ಶ್ರೇಯಾಂಕ. 2018ರವರೆಗೆ ಮೊದಲ ಶ್ರೇಯಾಂಕದ ತಂಡ ಹದಿನಾರನೆಯ ತಂಡಕ್ಕೆ ಸೋತದ್ದೇ ಇಲ್ಲ, 135 ಪಂದ್ಯಗಳಲ್ಲಿ 135 ಗೆಲುವು. ಆ ವರ್ಷ 31 ಗೆದ್ದು ಎರಡೇ ಸೋತಿದ್ದ ವರ್ಜೀನಿಯಾ, ಮೇರಿಲ್ಯಾಂಡಿನ ಬಾಲ್ಟಿಮೋರ್ ಕೌಂಟಿಯ ವಿಶ್ವವಿದ್ಯಾಲಯದ ತಂಡಕ್ಕೆ 54–74ರಿಂದ ಸೋತಿತು. ದೇಶವೆಲ್ಲ ನಕ್ಕಿತು. ಆದರೆ ಮುಂದಿನ ಋತುವಿನ ಅಂದಾಜು ಹಾಕುವವರ ಮುಂದಿದ್ದದ್ದು ಒಂದು ಪಂದ್ಯವಲ್ಲ, 34 ಪಂದ್ಯ. ಪತ್ರಕರ್ತರ ಪೂರ್ವಪಟ್ಟಿ ಅವರನ್ನು ಐದನೆಯ ಸ್ಥಾನದಲ್ಲೇ ಇಟ್ಟಿತು. 2019ರ ಏಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್ಸಾಸ್ ಟೆಕ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 85–77ರಿಂದ ಸೋಲಿಸಿ ಚಾಂಪಿಯನ್ ಆಯಿತು.

ಇನ್ನೊಂದು ಇದರ ತಿರುವುಮುರುವು. 2022ರಲ್ಲಿ ನಾರ್ತ್ ಕೆರೊಲಿನಾ 24 ಗೆಲುವು, 9 ಸೋಲಿನೊಂದಿಗೆ ಎಂಟನೆಯ ಶ್ರೇಯಾಂಕದಲ್ಲಿ ಪಂದ್ಯಾವಳಿಗೆ ಬಂತು. ಬಂದದ್ದೇ ಐದು ಪಂದ್ಯ ಗೆದ್ದು ಫೈನಲ್ ತಲುಪಿ, ಕ್ಯಾನ್ಸಸ್‌ಗೆ 69–72ರಿಂದ ಸೋತಿತು. ಮೊದಲ ಐವರಲ್ಲಿ ನಾಲ್ವರು ಮರಳಿ ಬರುತ್ತಾರೆ ಎಂದಾಗ ಪತ್ರಕರ್ತರು ಮರುಯೋಚಿಸದೆ ಪೂರ್ವಪಟ್ಟಿಯ ಒಂದನೆಯ ಸ್ಥಾನ ಕೊಟ್ಟರು. ಆ ಋತು ಮುಗಿದಾಗ ತಂಡದ ಲೆಕ್ಕ 20 ಗೆಲುವು, 13 ಸೋಲು, ಪಂದ್ಯಾವಳಿಗೆ ಕರೆಯೇ ಬರಲಿಲ್ಲ. 1985ರಲ್ಲಿ ಪಂದ್ಯಾವಳಿ 64 ತಂಡಗಳಿಗೆ ವಿಸ್ತರಿಸಿದ ಮೇಲೆ ಪೂರ್ವಪಟ್ಟಿಯ ಪ್ರಥಮ ತಂಡಕ್ಕೆ ಹೀಗಾದದ್ದು ಅದೇ ಮೊದಲು. ಹೋದ ಐದನೆಯವನು ದೂರದಿಂದ ಚೆನ್ನಾಗಿ ಎಸೆಯುತ್ತಿದ್ದವನು ಎಂಬುದು ನಿಜ. ಆದರೂ ನನ್ನ ಅಭಿಪ್ರಾಯದಲ್ಲಿ ಮುಖ್ಯ ತಪ್ಪು ಬೇರೆ: ಮತದಾರರು ಮಾರ್ಚ್‌ನ ಆರು ಪಂದ್ಯಗಳನ್ನು ನೆನಪಿಟ್ಟುಕೊಂಡು ಅದಕ್ಕೆ ಹಿಂದಿನ ಮೂವತ್ತಮೂರನ್ನು ಮರೆತರು.

ಗಣಿತವೂ ದೇವರಲ್ಲ. ಕಾಲೇಜು ಪಂದ್ಯದಲ್ಲಿ ಐದು ಅಂಕದಿಂದ ಗೆಲ್ಲಬಹುದೆಂದು ಅಂದಾಜಿಸಿದ ತಂಡ ಸುಮಾರು ಮೂರರಲ್ಲಿ ಎರಡು ಸಲ ಮಾತ್ರ ಗೆಲ್ಲುತ್ತದೆ. ಸ್ಟುಡಿಯೋದಲ್ಲಿ ಕೆಲಸ ಮಾಡುವವನಾಗಿ ಒಪ್ಪಿಕೊಳ್ಳುತ್ತೇನೆ, ‘ಇವರೇ ಗೆಲ್ಲುತ್ತಾರೆ’ ಎಂದು ಮೇಜು ಕುಟ್ಟುವ ಅತಿಥಿಯನ್ನು ನಾವು ಮತ್ತೆ ಕರೆಯುತ್ತೇವೆ, ‘ಶೇಕಡಾ 65’ ಎನ್ನುವವರನ್ನು ಕರೆಯುವುದಿಲ್ಲ.

ಒಂದು ನನ್ನದೇ ಪ್ರಸಂಗ ಹೇಳಬೇಕು. ಬಿ.ಎಸ್ಸಿ. ಓದುವಾಗ ನಾನು ಕಾಲೇಜು ತಂಡದ ಅಂಕ ಬರೆಯುವವನಾಗಿದ್ದೆ. ಆಡಲು ಬಾರದ್ದರಿಂದ ಸಿಕ್ಕ ಹುದ್ದೆ. ಹಳ್ಳಿಯಿಂದ ಬಂದ ಒಬ್ಬ ಹುಡುಗ ನಮ್ಮಲ್ಲಿದ್ದ. ವರ್ಷವಿಡೀ ದೂರದಿಂದ 50 ಎಸೆದು 19 ಹಾಕಿದ್ದ. ಅಂತರಕಾಲೇಜು ಪಂದ್ಯದಲ್ಲಿ ಐದು ಎಸೆದ, ಐದೂ ತಪ್ಪಿದವು, ನಾವು ಸೋತೆವು. ಮರುವರ್ಷದ ತಂಡ ಆರಿಸುವ ಸಂಜೆ, ‘ಒತ್ತಡದಲ್ಲಿ ಇವನ ಕೈ ನಡುಗುತ್ತದೆ’ ಎಂದು ಅವನ ಹೆಸರು ಹೊಡೆದುಹಾಕಿದರು. ಕ್ರೀಡಾ ಕೋಟಾದ ಶುಲ್ಕ ರಿಯಾಯಿತಿಯೂ ಅದರೊಂದಿಗೆ ಹೋಯಿತು.

ಈಗಿನ ಲೆಕ್ಕದಲ್ಲಿ ನೋಡಿ. 50ಕ್ಕೆ 19 ಎಂದರೆ ಶೇಕಡಾ 38. ವಾಡಿಕೆಯ ನೂರು ಸೇರಿಸಿದರೆ 150ಕ್ಕೆ 53, ಶೇಕಡಾ 35. ಇಂಥ ಎಸೆತಗಾರ, ಕೈ ಸ್ವಲ್ಪವೂ ನಡುಗದಿದ್ದರೂ, ಐದಕ್ಕೆ ಐದೂ ತಪ್ಪುವ ಸಂಭವ ಸುಮಾರು ಒಂಬತ್ತರಲ್ಲಿ ಒಂದು. ನಮ್ಮ ಕಾಲೇಜುಗಳ ವಾಡಿಕೆ ಅಮೆರಿಕದ್ದಕ್ಕಿಂತ ಕಡಿಮೆ ಎಂದುಕೊಂಡರೆ ಈ ಸಂಭವ ಇನ್ನೂ ಹೆಚ್ಚು. ಆ ಸಂಜೆ ಅಂಕದ ಪುಸ್ತಕ ನನ್ನ ತೊಡೆಯ ಮೇಲೆಯೇ ಇತ್ತು. ಸಂಭವನೀಯತೆಯ ಪಾಠ ಆಗಲೇ ತರಗತಿಯಲ್ಲಿ ಮುಗಿದಿತ್ತು. ನಾನು ಪುಸ್ತಕ ತೆರೆಯಲಿಲ್ಲ.

ನಿಮ್ಮ ಕಾಲೇಜಿನ ತಂಡದ ಅಂಕದ ಪುಸ್ತಕವೂ ದೈಹಿಕ ಶಿಕ್ಷಣ ವಿಭಾಗದ ಬೀರುವಿನಲ್ಲಿ ಇದ್ದೀತು. ಕೇಳಿ ತೆಗೆದುಕೊಳ್ಳಿ. ಕಳೆದ ಋತುವಿನ ಎಸೆತ, ರಿಬೌಂಡ್, ಕಳೆದುಕೊಂಡ ಚೆಂಡು, ಫ್ರೀ ಥ್ರೋ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು, ನೂರು ಸರದಿಗೆ ಎಷ್ಟು ಅಂಕ ಗಳಿಸಿದಿರಿ, ಎಷ್ಟು ಬಿಟ್ಟುಕೊಟ್ಟಿರಿ ಎಂದು ಲೆಕ್ಕ ಹಾಕಿ. ಮರಳಿ ಬರುವವರ ಹೆಸರಿನ ಮುಂದೆ ಗುರುತು ಮಾಡಿ. ಅಂದಾಜನ್ನು ದಿನಾಂಕದೊಡನೆ ಬರೆದಿಡಿ, ಪಂದ್ಯಗಳು ಮುಗಿದ ಮೇಲೆ ಅದನ್ನು ತಿದ್ದಬೇಡಿ.