ಬಾಗಿಲಿನ ಕಿಂಡಿಯಿಂದ ಇಣುಕುವವರು

(ಜುಮುಅ ಖುತ್ಬಾದ ಸಾರಾಂಶ)

 



ಹಝ್ರತ್ ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಒಬ್ಬ ವ್ಯಕ್ತಿ ಪ್ರವಾದಿ(ಸ)ರ ಮನೆಯ ಬಾಗಿಲಿನ ಕಿಂಡಿಯಿಂದ ಒಳಗೆ ಇಣುಕಿದ. ಆಗ ಪ್ರವಾದಿ(ಸ)ರ ಕೈಯಲ್ಲಿ ತಲೆ ಬಾಚುವ ಕಬ್ಬಿಣದ ಬಾಚಣಿಗೆ ಇತ್ತು. ವಿಷಯ ತಿಳಿದಾಗ ಅವರು, ನೀನು ನೋಡುತ್ತಿದ್ದೀಯೆಂದು ಗೊತ್ತಾಗಿದ್ದರೆ ಇದರಿಂದಲೇ ನಿನ್ನ ಕಣ್ಣಿಗೆ ಚುಚ್ಚುತ್ತಿದ್ದೆ ಎಂಬರ್ಥದ ಕಟುವಾದ ಮಾತನ್ನಾಡಿದರು. ಅನುಮತಿ ಕೇಳುವ ನಿಯಮ ಬಂದದ್ದೇ ಈ ನೋಟದ ಕಾರಣಕ್ಕೆ ಎಂದೂ ತಿಳಿಸಿದರು. ತನ್ನನ್ನು ಪೀಡಿಸಿದವರನ್ನು ಕ್ಷಮಿಸಿದ ಪ್ರವಾದಿ(ಸ)ರು ಇಲ್ಲಿ ಇಷ್ಟು ಕಠಿಣವಾದದ್ದು ಯಾಕೆ? ಇಣುಕಿದವನು ಏನನ್ನೂ ಕದ್ದಿರಲಿಲ್ಲ, ಒಳಗೆ ಕಾಲಿಟ್ಟಿರಲಿಲ್ಲ, ಬರೀ ನೋಡಿದ್ದ. ಆ ನೋಟವೇ ಅಪರಾಧವಾಗಿತ್ತು.

ಈ ಹದೀಸನ್ನು ಇಂದು ನೆನಪಿಸುವುದಕ್ಕೆ ಕಾರಣ ನಮ್ಮೆಲ್ಲರ ಜೇಬಿನಲ್ಲಿರುವ ಫೋನ್. ಅದರಲ್ಲೂ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಿಂತ ಮೊದಲು ಮಾತಾಡಬೇಕಾದದ್ದು ನಮಾಝಿನ ಆ್ಯಪ್ ಬಗ್ಗೆ.

2020ರ ನವೆಂಬರ್‌ನಲ್ಲಿ ಅಮೆರಿಕದ ಮದರ್‌ಬೋರ್ಡ್ ಎಂಬ ಸುದ್ದಿ ತಾಣ ಒಂದು ವರದಿ ಪ್ರಕಟಿಸಿತು. ಆಗಲೇ 9 ಕೋಟಿ 80 ಲಕ್ಷ ಬಾರಿ ಡೌನ್‌ಲೋಡ್ ಆಗಿದ್ದ ‘ಮುಸ್ಲಿಮ್ ಪ್ರೋ’ ಆ್ಯಪ್‌ನಿಂದ ಬಳಕೆದಾರರು ಎಲ್ಲೆಲ್ಲಿದ್ದಾರೆಂಬ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿತ್ತು. ಆ ಕಂಪೆನಿಯ ಗ್ರಾಹಕರಲ್ಲಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರೂ ಇದ್ದರು. ಅಝಾನ್ ವೇಳೆ ತಿಳಿಯಲು, ಕಿಬ್ಲಾ ದಿಕ್ಕು ನೋಡಲು ಜನರು ಕೊಟ್ಟ ಲೊಕೇಶನ್ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ತಾವು ಸೇನೆಗೆ ಮಾಹಿತಿ ಮಾರಿಲ್ಲ ಎಂದ ಆ್ಯಪ್‌ನವರು ಇಂತಹ ಕಂಪೆನಿಗಳೊಂದಿಗಿನ ಸಂಬಂಧವನ್ನು ಕಡಿದುಕೊಳ್ಳುವುದಾಗಿ ಘೋಷಿಸಿದರು. ಎರಡು ತಿಂಗಳಲ್ಲೇ, 2021ರ ಜನವರಿಯಲ್ಲಿ, ‘ಸಲಾತ್ ಫಸ್ಟ್’ ಎಂಬ ಇನ್ನೊಂದು ನಮಾಝ್ ಆ್ಯಪ್‌ನ ಬಗ್ಗೆಯೂ ಇಂತಹುದೇ ವರದಿ ಬಂತು. ಅಲ್ಲಿ ಮಾಹಿತಿ ಪಡೆಯುತ್ತಿದ್ದದ್ದು ಫ್ರಾನ್ಸಿನ ಒಂದು ಕಂಪೆನಿ. 2024ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಎಕ್ಸ್-ಮೋಡ್‌ನ ಮೇಲೆ ಕ್ರಮ ಕೈಗೊಂಡು, ಆಸ್ಪತ್ರೆ, ಆರಾಧನಾಲಯಗಳಂತಹ ಸೂಕ್ಷ್ಮ ಸ್ಥಳಗಳಿಗೆ ಹೋಗಿಬಂದವರ ಮಾಹಿತಿಯನ್ನು ಮಾರಬಾರದೆಂದು ನಿರ್ಬಂಧಿಸಿತು.

‘ಅದರಲ್ಲಿ ನಮ್ಮ ಹೆಸರು ಇರುವುದಿಲ್ಲವಲ್ಲ’ ಎಂದು ಕೆಲವರು ಕೇಳುತ್ತಾರೆ. ಹೆಸರು ಬೇಕಾಗಿಯೇ ಇಲ್ಲ. ಒಂದು ಫೋನ್ ರಾತ್ರಿ ಯಾವ ಮನೆಯಲ್ಲಿರುತ್ತದೆ, ಫಜ್ರ್‌ಗೆ ಯಾವ ಮಸೀದಿಗೆ ಹೋಗುತ್ತದೆ, ಹತ್ತು ಗಂಟೆಗೆ ಯಾವ ಅಂಗಡಿಯಲ್ಲಿರುತ್ತದೆ ಎಂದು ಗೊತ್ತಾದರೆ ಅದು ಯಾರ ಫೋನ್ ಎಂದು ಹೇಳಲು ನಮ್ಮ ಮೊಹಲ್ಲಾದ ಮಕ್ಕಳಿಗೂ ಸಾಧ್ಯ. 15 ಲಕ್ಷ ಮಂದಿಯ ಮೊಬೈಲ್ ಓಡಾಟವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕು ಗುರುತುಗಳು ಸಿಕ್ಕರೆ ನೂರರಲ್ಲಿ 95 ಮಂದಿಯನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದು.

ಸೂರಃ ಅನ್ನೂರ್‌ನಲ್ಲಿ ಅಲ್ಲಾಹನು ಅನುಮತಿಯ ಅದಬನ್ನು ಎಷ್ಟು ಸೂಕ್ಷ್ಮವಾಗಿ ಕಲಿಸಿದ್ದಾನೆಂದರೆ, ಪರರ ಮನೆಗೆ ಸಲಾಮ್ ಹೇಳಿ ಅನುಮತಿ ಪಡೆಯದೆ ಹೋಗಬಾರದು, ಹಿಂದಿರುಗಿ ಎಂದರೆ ಹಿಂದಿರುಗಬೇಕು. ಅಷ್ಟೇ ಅಲ್ಲ, ಮನೆಯೊಳಗೇ ಓಡಾಡುವ ಸೇವಕರು, ಪ್ರಾಯಕ್ಕೆ ಬಾರದ ಮಕ್ಕಳು ಸಹ ಮೂರು ಹೊತ್ತಿನಲ್ಲಿ ಅನುಮತಿ ಕೇಳಬೇಕು: ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ವೇಳೆ, ಇಶಾದ ಬಳಿಕ. ಇಂದು ಆ ಮೂರು ಹೊತ್ತಿನಲ್ಲೂ ಫೋನ್ ನಮ್ಮ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಆ್ಯಪ್‌ಗಳೂ ‘ಅನುಮತಿ’ ಕೇಳುತ್ತವೆ, ನಿಜ. ಓದಲಾಗದಷ್ಟು ಉದ್ದದ ಷರತ್ತುಗಳನ್ನು ಮುಂದಿಟ್ಟು, ಒಪ್ಪದಿದ್ದರೆ ಬಾಗಿಲು ಮುಚ್ಚಿದೆ ಎನ್ನುವುದನ್ನು ಅನುಮತಿ ಎನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಖರೀದಿ ವ್ಯವಹಾರದಲ್ಲಿ ಕೂಡಾ ಮಾಲಿನ ದೋಷವನ್ನು ಮುಚ್ಚಿಟ್ಟು ಒಪ್ಪಿಗೆ ಪಡೆಯುವುದನ್ನು ಶರೀಅತ್ ನಿಷೇಧಿಸಿದೆ.

ನಮ್ಮ ದೇಶದ ಕಾನೂನೂ ಈ ಹಕ್ಕನ್ನು ಮಾನ್ಯ ಮಾಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆದರೆ ಕಂಪೆನಿಗಳನ್ನು ದೂರಿ ಮಾತು ಮುಗಿಸಿದರೆ ಈ ಖುತ್ಬಾದ ಅರ್ಧ ಭಾಗ ಉಳಿದುಬಿಡುತ್ತದೆ. ಯಾಕೆಂದರೆ ನಮ್ಮ ಫೋನಿನಲ್ಲಿ ಇರುವುದೆಲ್ಲ ನಮ್ಮದಲ್ಲ.

2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಬಯಲಾದಾಗ ಫೇಸ್‌ಬುಕ್ ಕಂಪೆನಿಯೇ ಭಾರತದ ಲೆಕ್ಕ ಕೊಟ್ಟಿತು. ವ್ಯಕ್ತಿತ್ವ ಪರೀಕ್ಷೆಯ ಆ ಆ್ಯಪನ್ನು ಹಾಕಿಕೊಂಡ ಭಾರತೀಯರು 335 ಮಂದಿ. ಮಾಹಿತಿ ಸೋರಿರಬಹುದಾದವರು 5,62,455 ಮಂದಿ. ಉಳಿದವರು ಯಾವ ಬಟನ್ನೂ ಒತ್ತಿರಲಿಲ್ಲ. ಆ 335 ಮಂದಿಯ ಫ್ರೆಂಡ್ಸ್ ಪಟ್ಟಿಯಲ್ಲಿದ್ದರು, ಅಷ್ಟೇ. ಒಬ್ಬ ತನ್ನ ಮನೆಯ ಕದ ತೆರೆದ, ಸಾವಿರಾರು ಮಂದಿಯ ಮನೆ ಬಯಲಾಯಿತು. ನಾವು ಒಂದು ಆ್ಯಪ್‌ಗೆ ‘ಕಾಂಟ್ಯಾಕ್ಟ್ಸ್’ ಅನುಮತಿ ಕೊಡುವಾಗ ತಾಯಿಯ, ಅತ್ತಿಗೆಯ, ಮಗಳ ಟೀಚರ ನಂಬರನ್ನೂ ಒಪ್ಪಿಸುತ್ತೇವೆ. ಅವರು ಅದನ್ನು ಕೊಟ್ಟದ್ದು ನಮಗೆ. ಒಬ್ಬಾತ ಮಾತಾಡಿ, ಯಾರಾದರೂ ಕೇಳಿಸಿಕೊಂಡರೇ ಎಂದು ಅತ್ತಿತ್ತ ನೋಡಿದರೆ ಆ ಮಾತು ಅಮಾನತ್ ಎಂಬ ಪಾಠ ತಿರ್ಮಿದಿ, ಅಬೂ ದಾವೂದ್‌ಗಳ ಹದೀಸಿನಲ್ಲಿದೆ. ಗುಟ್ಟಾಗಿಡು ಎಂದು ಬಾಯಿ ಬಿಟ್ಟು ಹೇಳಬೇಕೆಂದೂ ಇಲ್ಲ.

ಇನ್ನು ನಮ್ಮ ಮೊಹಲ್ಲಾಗಳ ವಾಟ್ಸಪ್ ಗ್ರೂಪ್‌ಗಳನ್ನು ನೋಡಿ. ರಮಝಾನ್ ಕಿಟ್ ವಿತರಣೆಯ ಪಟ್ಟಿ ಪಿಡಿಎಫ್ ಆಗಿ ಬರುತ್ತದೆ: ವಿಧವೆಯ ಹೆಸರು, ಮನೆ ನಂಬರ್, ಮೊಬೈಲ್, ಜತೆಗೆ ಆಧಾರ್ ಪ್ರತಿ. ಮನೆಯಲ್ಲಿ ಗಂಡಸರಿಲ್ಲ ಎಂಬುದನ್ನು ಊರಿಗೆಲ್ಲ ಸಾರಿದಂತಾಯಿತು. ಕಿಟ್ ಕೊಡುವಾಗಿನ ಫೋಟೋ ಬೇರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡಬೇಕೆಂದು ಕಲಿತ ಸಮುದಾಯ ನಮ್ಮದು. ನಿಕಾಹ್ ಗ್ರೂಪ್‌ಗಳ ಕಥೆಯೂ ಹೀಗೇ. ಹುಡುಗಿಯ ಫೋಟೋ, ಎತ್ತರ, ತಂದೆಯ ನಂಬರ್ ಹತ್ತು ಗ್ರೂಪ್‌ಗಳಿಗೆ ಹೋಗುತ್ತದೆ. ಆಕೆಗೆ ಮದುವೆಯಾಗಿ ಎರಡು ಮಕ್ಕಳಾದರೂ ಆ ಬಯೋಡಾಟಾ ಎಲ್ಲೋ ಸುತ್ತುತ್ತಲೇ ಇರುತ್ತದೆ.

ಇದರ ಅಪಾಯ ಊಹೆಯದ್ದಲ್ಲ. 2021ರ ಜುಲೈಯಲ್ಲಿ ಒಮ್ಮೆ, 2022ರ ಜನವರಿಯ ಮೊದಲ ದಿನವೇ ಮತ್ತೊಮ್ಮೆ, ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಸಾಮಾಜಿಕ ಜಾಲತಾಣಗಳಿಂದ ಎತ್ತಿ ಆ್ಯಪ್‌ನಲ್ಲಿ ‘ಹರಾಜಿ’ಗಿಟ್ಟ ನೀಚ ಕೃತ್ಯ ನಡೆಯಿತು. ಎರಡನೇ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯೂ ಇದ್ದ. ಪತ್ರಕರ್ತೆಯರು, ಕಾರ್ಯಕರ್ತೆಯರು ಗುರಿಯಾಗಿದ್ದರು. ಆಗ ನಮ್ಮಲ್ಲೇ ಕೆಲವರು ‘ಫೋಟೋ ಹಾಕಿದ್ದು ಯಾಕೆ?’ ಎಂದು ಆ ಸಹೋದರಿಯರನ್ನೇ ಕೇಳಿದರು. ಇದು ಅನ್ಯಾಯ. ಕಿಂಡಿಯಿಂದ ಇಣುಕಿದವನನ್ನು ಪ್ರವಾದಿ(ಸ)ರು ಗದರಿಸಿದರು, ಬಾಗಿಲಲ್ಲಿ ಕಿಂಡಿ ಯಾಕಿತ್ತು ಎಂಬ ಚರ್ಚೆ ಅಲ್ಲಿ ನಡೆಯಲಿಲ್ಲ. ಮಗಳ ಫೋನನ್ನು ಕಸಿದುಕೊಂಡು ಮಗನಿಗೆ ಏನನ್ನೂ ಹೇಳದ ಮನೆಯಲ್ಲಿ ಪಾಠ ತಲೆಕೆಳಗಾಗಿದೆ. ಪರರ ಗುಟ್ಟನ್ನು ಕೆದಕುವುದು, ತಜಸ್ಸುಸ್, ಸೂರಃ ಅಲ್ ಹುಜುರಾತ್‌ನಲ್ಲಿ ನಿಷಿದ್ಧವಾದದ್ದು ಗಂಡು ಹೆಣ್ಣು ಎಲ್ಲರಿಗೂ. ಸಂಶಯವೊಂದನ್ನೇ ಹಿಡಿದು ಪತ್ನಿಯ ಫೋನಿನ ಮೆಸೇಜ್‌ಗಳನ್ನು ಕದ್ದು ಓದುವ ಪತಿಯೂ ಈ ನಿಷೇಧದ ಹೊರಗಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಹತ್ತು ವರ್ಷದ ಮಗುವಿಗೆ ಖಾತೆ ತೆರೆಯಲು ಹುಟ್ಟಿದ ವರ್ಷವನ್ನು ಸುಳ್ಳು ಬರೆಯಲು ತಂದೆಯೇ ಹೇಳಿಕೊಟ್ಟರೆ, ಕಾಯ್ದೆಯ ರಕ್ಷಣೆಯನ್ನು ತಂದೆಯೇ ಕಿತ್ತು ಹಾಕಿದಂತೆ. ಸುಳ್ಳಿನ ಪಾಠ ಬೇರೆ.

ಇಂದು ಮನೆಗೆ ಹೋದ ಮೇಲೆ ಮಾಡಬಹುದಾದ ಕೆಲಸಗಳಿವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಯಾರ್‍ಯಾರಿಗೆ ಕೊಟ್ಟಿದ್ದೇವೆಂದು ನೋಡಿ, ‘ಬಳಸುವಾಗ ಮಾತ್ರ’ ಎಂದು ಬದಲಾಯಿಸಿ, ಬೇಡದ್ದನ್ನು ತೆಗೆದುಹಾಕಿ. ನಮಾಝ್ ವೇಳೆಗೆ ಲೊಕೇಶನ್ ಬೇಕೇ ಬೇಕೆಂದಿಲ್ಲ, ಹೆಚ್ಚಿನ ಆ್ಯಪ್‌ಗಳಲ್ಲಿ ಊರಿನ ಹೆಸರನ್ನು ನಾವೇ ಆರಿಸಿದರೆ ಸಾಕು. ಮಸೀದಿಯ ಗೋಡೆಯ ಕ್ಯಾಲೆಂಡರ್ ಅಂತೂ ಇದ್ದೇ ಇದೆ. (ನಮ್ಮ ಹಿರಿಯರು ನೆರಳು ನೋಡಿ ಝುಹರ್, ಅಸರ್ ತಿಳಿಯುತ್ತಿದ್ದರು. ಆ ನೆರಳು ಯಾರಿಗೂ ವರದಿ ಒಪ್ಪಿಸುತ್ತಿರಲಿಲ್ಲ.) ಆಧಾರ್ ಪ್ರತಿ ಕೊಡಲೇಬೇಕಾದಲ್ಲಿ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಆಧಾರ್ ಪ್ರಾಧಿಕಾರದ ತಾಣದಲ್ಲೇ ಸಿಗುತ್ತದೆ.

ಜಮಾಅತ್ ಕಮಿಟಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಈ ಸಲದ ಝಕಾತ್ ಮತ್ತು ಕಿಟ್‌ನ ಪಟ್ಟಿ ಪುಸ್ತಕದಲ್ಲಿರಲಿ, ಪುಸ್ತಕ ಕಪಾಟಿನಲ್ಲಿರಲಿ, ಕಪಾಟಿನ ಬೀಗದ ಕೈ ಇಬ್ಬರ ಬಳಿ ಮಾತ್ರ ಇರಲಿ. ಫೋಟೋ ಬೇಕೆಂದು ದಾನಿಗಳು ಕೇಳಿದರೆ ಅಕ್ಕಿಮೂಟೆಗಳ ಫೋಟೋ ಕಳಿಸಿ. ಗ್ರೂಪ್‌ನಲ್ಲಿ ಈಗಾಗಲೇ ಇರುವ ಹಳೆಯ ಪಟ್ಟಿಗಳನ್ನು ಅಡ್ಮಿನ್‌ಗಳು ಇವತ್ತು ಅಸರ್‌ಗೆ ಮೊದಲೇ ಅಳಿಸಲಿ, ಡೌನ್‌ಲೋಡ್ ಮಾಡಿಕೊಂಡವರೂ ಅಳಿಸಲಿ.