ಪಾಠಶಾಲೆಯಲ್ಲಿ ಪಂಕ್ತಿಭೇದ



ಸಾವಿರ ಮಂದಿ ಉಣ್ಣುವ ಪಂಕ್ತಿಯಲ್ಲಿ ಬಡಿಸುವವನ ಯೋಗ್ಯತೆಯು ತಿಳಿಯುವುದು ಮೊದಲನೆಯ ಎಲೆಯಿಂದಲ್ಲ, ಕಟ್ಟಕಡೆಯ ಎಲೆಯಿಂದ. ಮುಂದೆ ಕುಳಿತವನಿಗೆ ತುಪ್ಪವನ್ನು ಸುರಿದು, ಹಿಂದೆ ಕುಳಿತವನಿಗೆ ಬರಿಯ ಸೌಟನ್ನು ತೋರಿಸಿ ಹೋಗುವುದನ್ನು ಹಿರಿಯರು ಪಂಕ್ತಿಭೇದವೆಂದು ಕರೆದು ದೋಷವೆಂದೆಣಿಸಿದರು. ಅನ್ನದಲ್ಲಿ ಒಪ್ಪದ ಈ ಭೇದವನ್ನು ವಿದ್ಯೆಯಲ್ಲಿ ಮಾತ್ರ ಲೋಕವು ಬಹುಕಾಲದಿಂದ ಸಹಿಸಿಕೊಂಡು ಬಂದಿದೆ. ಹಿಂದಿನ ಬೆಂಚಿನ ಹುಡುಗನೆಂದರೆ ದಡ್ಡನೆಂದೇ ಅರ್ಥವಾಗಿ ಹೋಗಿರುವುದು ಇದಕ್ಕೆ ಸಾಕ್ಷಿ. ಅವನು ದಡ್ಡನಾದುದರಿಂದ ಹಿಂದೆ ಕುಳಿತನೋ, ಹಿಂದೆ ಕುಳಿತುದರಿಂದ ದಡ್ಡನಾದನೋ ಎಂದು ವಿಚಾರಿಸಿದವರು ವಿರಳ.

ಪಾಶ್ಚಾತ್ಯ ವಿದ್ವಾಂಸರಿಬ್ಬರು 1970ರಲ್ಲಿ ಪ್ರಕಟಿಸಿದ ಪರಿಶೋಧನೆಯೊಂದರಲ್ಲಿ, ಸಾಲುಸಾಲಾಗಿ ಕುಳಿತ ತರಗತಿಯಲ್ಲಿ ಉಪಾಧ್ಯಾಯರ ಪ್ರಶ್ನೆಯೂ ಮಕ್ಕಳ ಉತ್ತರವೂ ಬಹುಮಟ್ಟಿಗೆ ಮುಂದಿನ ಸಾಲುಗಳಲ್ಲಿಯೂ ನಡುವಿನ ಪಟ್ಟಿಯಲ್ಲಿಯೂ ಸುಳಿದಾಡುತ್ತವೆಂದು ಕಂಡುಬಂದಿತು. ಮೂಲೆಗಳಲ್ಲಿ ಕುಳಿತ ಮಕ್ಕಳು ಒಂದೇ ಕೊಠಡಿಯಲ್ಲಿದ್ದರೂ ಪಾಠದ ಹೊರಗೇ ಇರುತ್ತಾರೆ. ಇದು ಉಪಾಧ್ಯಾಯರ ದುರುದ್ದೇಶವಲ್ಲ. ಕಣ್ಣು ಎದುರಿಗಿದ್ದವರ ಮೇಲೆ ಬೀಳುವುದು ಸಹಜವೆ. ಆದರೆ ಸಹಜವಾದುದೆಲ್ಲವೂ ನ್ಯಾಯವಲ್ಲ.

ಕೂಡುವ ಸ್ಥಳವು ಎಳೆಯ ಮನಸ್ಸಿಗೆ ಎಷ್ಟು ದೊಡ್ಡದೆಂಬುದಕ್ಕೆ ಡಾಕ್ಟರ್ ಅಂಬೇಡ್ಕರರ ಬಾಲ್ಯಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಶಾಲೆಯಲ್ಲಿ ಅವರು ಇತರರೊಡನೆ ಕೂಡುವಂತಿರಲಿಲ್ಲ. ಮೂಲೆಯಲ್ಲಿ ಪ್ರತ್ಯೇಕವಾದ ಗೋಣಿತಟ್ಟಿನ ಮೇಲೆ ಕೂಡಬೇಕಾಗಿತ್ತು. ಶಾಲೆಯ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲವಾದ ಕಾರಣ, ಬಾಲಕನು ಅದನ್ನು ಸಂಜೆ ಮನೆಗೆ ಹೊತ್ತು ಮರುದಿನ ಮತ್ತೆ ತರಬೇಕಾಗಿತ್ತು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಪಾಠವನ್ನು ಮರೆತರೂ ಮನುಷ್ಯನು ತಾನು ಕುಳಿತ ಸ್ಥಳವನ್ನು ಮರೆಯನು.

ಬೆಂಚಿನ ಸಾಲುಗಳು ಅನಾದಿಯಿಂದ ಬಂದವೂ ಅಲ್ಲ. ಹಿಂದಿನ ಕೂಲಿಮಠಗಳಲ್ಲಿ ಬಾಲಕರು ನೆಲದ ಮೇಲೆ ಕುಳಿತು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದರು. ಬಲ್ಲ ಬಾಲಕನು ಅರಿಯದವನ ಕೈಹಿಡಿದು ಬರೆಸುತ್ತಿದ್ದನು. ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಈ ದೇಶದ ಮಕ್ಕಳ ಮರಳಿನ ಬರಹವನ್ನು ಕಂಡು, ಬಾಲಕರಿಂದ ಬಾಲಕರಿಗೆ ಕಲಿಸುವ ಕ್ರಮವನ್ನು ರೂಢಿಸಿ, 1797ರಲ್ಲಿ ಇಂಗ್ಲೆಂಡಿನವರಿಗೆ ಅದನ್ನು ತಿಳಿಯಪಡಿಸಿದನು. ರೋಮ್ ನಗರದಲ್ಲಿ 1907ರಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸೊರಿಯವರು ಕದಲದ ಬೆಂಚುಗಳನ್ನು ಖಂಡಿಸಿ, ಮಕ್ಕಳೇ ಎತ್ತಿಡಬಲ್ಲ ಹಗುರವಾದ ಪುಟ್ಟ ಮೇಜು ಕುರ್ಚಿಗಳನ್ನು ಮಾಡಿಸಿದರು.

ದೂರದ ಮಾತೇಕೆ? ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿಯೆ 1995ರಲ್ಲಿ ‘ನಲಿ-ಕಲಿ’ ಎಂಬ ಕ್ರಮವು ಮೊದಲಾಯಿತು. ಅದು ಕಾಡಂಚಿನ ಊರುಗಳೂ ಹಾಡಿಗಳೂ ಉಳ್ಳ ತಾಲ್ಲೂಕು. ಒಬ್ಬರೇ ಉಪಾಧ್ಯಾಯರು ಎರಡು ಮೂರು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ನಡೆಸಬೇಕು. ಕೂಲಿಗೋ ದನಕಾಯಲೋ ಹೋಗಿ ವಾರ ಕಳೆದು ಬಂದ ಮಗುವು ಬಿಟ್ಟಲ್ಲಿಂದ ಮುಂದುವರಿಯುವಂತಿಲ್ಲ. ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದ ಉಪಾಧ್ಯಾಯರು, ಯೂನಿಸೆಫ್ ಸಂಸ್ಥೆಯ ನೆರವಿನಿಂದ ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಮಕ್ಕಳನ್ನು ಗುಂಪುಗೂಡಿಸಿದರು. ಪೂರ್ಣವಾಗಿ ಉಪಾಧ್ಯಾಯರ ನೆರವು ಬೇಕಾದವರು, ಸ್ವಲ್ಪವೇ ಬೇಕಾದವರು, ಒಡನಾಡಿಗಳಿಂದ ಕಲಿಯುವವರು, ಅವರ ನೆರವನ್ನು ಸ್ವಲ್ಪವೇ ಬಯಸುವವರು, ತಾವೇ ಕಲಿಯಬಲ್ಲವರು ಎಂದು ಐದು ಗುಂಪುಗಳು. ಶಾಲೆಯಲ್ಲಿ ಅವಕ್ಕೆ ‘ತಟ್ಟೆ’ಗಳೆಂದೇ ಹೆಸರು. ಮಗುವು ಒಂದು ತಟ್ಟೆಗೆ ಅಂಟಿಕೊಂಡಿರುವುದಿಲ್ಲ. ಮೆಟ್ಟಿಲೇರಿದಂತೆ ತಟ್ಟೆಯೂ ಬದಲಾಗುತ್ತದೆ. ಇದರ ಸಾರವೆಲ್ಲವೂ ಈ ಬದಲಾವಣೆಯಲ್ಲಿಯೆ ಅಡಗಿದೆ. 2009-10ನೆಯ ಸಾಲಿನಲ್ಲಿ ಈ ಕ್ರಮವನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಲಾಯಿತು.

ಇನ್ನು ಮೈಸೂರು ನಗರದ ಸಾಧಾರಣವಾದ ಶಾಲೆಯೊಂದನ್ನು ಭಾವಿಸಿಕೊಳ್ಳಬಹುದು. ಬೇಸಗೆಯ ರಜೆ ಮುಗಿದಿದೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿದೆ. ನಾಲ್ವತ್ತು ಮಕ್ಕಳ ತರಗತಿಯನ್ನು ವಹಿಸಿಕೊಂಡ ಉಪಾಧ್ಯಾಯಿನಿಯೊಬ್ಬರು ಸಾಲುಗಳನ್ನು ಮುರಿಯಲು ನಿಶ್ಚಯಿಸಿ, ನಾಲ್ಕು ಬೆಂಚುಗಳನ್ನು ಗೋಡೆಗೆ ಸರಿಸಿ, ತೆರವಾದ ನೆಲಕ್ಕೆ ಜಮಖಾನ ಹಾಸಿ, ಬರೆಯಲೆಂದು ಮಣೆಗಳನ್ನಿಟ್ಟು, ಉಳಿದ ಬೆಂಚುಗಳನ್ನು ಎದುರುಬದುರಾಗಿ ಜೋಡಿಸುತ್ತಾರೆ. “ಎಲ್ಲಿ ಬೇಕೋ ಅಲ್ಲಿ ಕುಳಿತುಕೊಳ್ಳಿರಿ” ಎನ್ನುತ್ತಾರೆ. ಆಗ ಏನಾಗುತ್ತದೆ? ಗಟ್ಟಿಗನು ಕಿಟಕಿಯ ಪಕ್ಕವನ್ನು ಹಿಡಿಯುತ್ತಾನೆ. ಒಂದೇ ಬೀದಿಯವರು ಒಂದಾಗುತ್ತಾರೆ. ಹೊಸದಾಗಿ ಸೇರಿದ ನಾಚಿಕೆಯ ಹುಡುಗಿಯು ಚಪ್ಪಲಿಗಳನ್ನು ಬಿಟ್ಟಿರುವ ಬಾಗಿಲ ಬಳಿಯಲ್ಲಿ ಕೂಡುತ್ತಾಳೆ. ಸಾಲುಗಳು ಅಳಿದವು, ಪಂಕ್ತಿಭೇದವು ಅಳಿಯಲಿಲ್ಲ.

ಇಲ್ಲಿಯೆ ಪರೀಕ್ಷೆಯಿರುವುದು, ಮಕ್ಕಳಿಗಲ್ಲ, ಉಪಾಧ್ಯಾಯರಿಗೆ. ಗದ್ದಲವನ್ನು ಕಂಡು, ಹಳೆಯ ಕ್ರಮವೇ ಲೇಸೆಂದು ಬೆಂಚುಗಳನ್ನು ಮತ್ತೆ ಸಾಲಿಗೆಳೆಯುವುದು ಸುಲಭ. ಸ್ವಾತಂತ್ರ್ಯವಿತ್ತೆವಲ್ಲಾ ಎಂದು ಸುಮ್ಮನಿರುವುದು ಇನ್ನೂ ಸುಲಭ. ಮೂರನೆಯ ದಾರಿಯೊಂದುಂಟು. ಸ್ಥಳಗಳನ್ನು ವಾರಕ್ಕೊಮ್ಮೆ ಸರದಿಯಂತೆ ಬದಲಿಸಬೇಕು. ಕಿಟಕಿಯ ಗಾಳಿಯೂ ಬಾಗಿಲ ಮೂಲೆಯೂ ಎಲ್ಲರ ಪಾಲಿಗೂ ಬರಬೇಕು. ದೃಷ್ಟಿ ಮಂದವಾದವರಿಗೂ ಕಿವಿ ಮಂದವಾದವರಿಗೂ ಹಲಗೆಯ ಸಮೀಪವನ್ನು ಸರದಿಗೆ ಸೇರಿಸದೆ ಕಾದಿರಿಸಬೇಕು. ನೆಲದ ಮೇಲೆ ಕೂಡಲಾರದ ಮಗುವಿಗೆ ಬೆಂಚು ಇರಲೇಬೇಕು. ಒಂದೊಂದೇ ನಿಯಮವನ್ನು ಒಂದೊಂದು ದಿನ ಕಲಿಸಿ, ಸದ್ದಿಲ್ಲದೆ ಎದ್ದು ಸ್ಥಳ ಬದಲಿಸುವುದನ್ನು ಪಾಠದಂತೆಯೇ ಅಭ್ಯಾಸ ಮಾಡಿಸಬೇಕು. ಇಷ್ಟಕ್ಕೆ ಹದಿನೈದು ದಿನಗಳು ಹಿಡಿದರೆ ಆ ದಿನಗಳು ವ್ಯರ್ಥವಾದುವೆಂದು ಎಣಿಸಬಾರದು.

ಸಾಲುಗಳೆಲ್ಲವೂ ಕೆಟ್ಟವೆಂದು ಹೇಳುವುದೂ ಅತಿರೇಕವೆ. ಆಸನಕ್ರಮವನ್ನು ಕುರಿತ ಪರಿಶೋಧನೆಗಳನ್ನೆಲ್ಲ ತೂಗಿನೋಡಿದ 2008ರ ಸಮೀಕ್ಷೆಯೊಂದು, ಒಬ್ಬೊಬ್ಬರೇ ಮಾಡುವ ಕೆಲಸಕ್ಕೆ ಸಾಲುಗಳು ಅನುಕೂಲವೆಂದೂ, ಕೂಡಿ ವಿಚಾರಿಸುವ ಕೆಲಸಕ್ಕೆ ಎದುರುಬದುರಾದ ಆಸನವು ಅನುಕೂಲವೆಂದೂ ತಿಳಿಸುತ್ತದೆ. ಕೇರಳದಲ್ಲಿ 2025ರಲ್ಲಿ ಚಲನಚಿತ್ರವೊಂದರ ಪ್ರೇರಣೆಯಿಂದ ಕೆಲವು ಶಾಲೆಗಳು ಹಿಂದಿನ ಬೆಂಚೇ ಇಲ್ಲದಂತೆ ಗೋಡೆಗಳ ಉದ್ದಕ್ಕೂ ಆಸನಗಳನ್ನು ಜೋಡಿಸಿದವು. ಅದು ಸದುದ್ದೇಶವೇ, ಆದರೆ ಪಕ್ಕದಲ್ಲಿ ಕುಳಿತವರು ದಿನವಿಡೀ ಕತ್ತು ತಿರುಗಿಸಿ ಹಲಗೆಯನ್ನು ನೋಡಬೇಕಾಗುವುದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದುದರಿಂದ ಕೆಲಸಕ್ಕೆ ತಕ್ಕ ಆಸನವಿರಬೇಕೇ ಹೊರತು ಆಸನಕ್ಕೆ ತಕ್ಕ ಕೆಲಸವಲ್ಲ. ಹೊಸ ಆಕಾರವೂ ಕದಲದೆ ನಿಂತರೆ ಹಳೆಯ ಬೆಂಚಿನಷ್ಟೇ ಕಠಿನವಾಗುತ್ತದೆ.

ಜಮಖಾನ, ಮಣೆ, ದುಂಡುಮೇಜುಗಳು ಬರಿಯ ಸಾಧನಗಳು. ಹಣವಿದ್ದ ಶಾಲೆಯು ಅವನ್ನು ಕೊಳ್ಳಬಹುದು. ಇಲ್ಲದ ಶಾಲೆಯಲ್ಲಿ ಉಪಾಧ್ಯಾಯರೇ ಎದ್ದು ಕೊಠಡಿಯ ಹಿಂಭಾಗದಲ್ಲಿ ನಿಂತರೆ ಹಿಂದಿನ ಬೆಂಚು ಕ್ಷಣಮಾತ್ರದಲ್ಲಿ ಮುಂದಿನದಾಗುತ್ತದೆ! ಇದಕ್ಕೆ ಕಾಸಿನ ಖರ್ಚಿಲ್ಲ. ಸಂಜೆ ಶಾಲೆಯ ಗಂಟೆ ಬಾರಿಸಿದ ಮೇಲೆ, ಮಕ್ಕಳೆಲ್ಲ ಹೊರಟುಹೋದ ಕೊಠಡಿಯಲ್ಲಿ ಉಪಾಧ್ಯಾಯರು ಒಂದು ಗಳಿಗೆ ನಿಂತು, ಈ ದಿನ ಯಾವ ಮಗುವಿನೊಡನೆ ಒಂದು ಮಾತನ್ನೂ ಆಡಲಿಲ್ಲವೆಂದು ತಮ್ಮನ್ನು ತಾವು ಕೇಳಿಕೊಳ್ಳಲಿ. ಯಾವ ಹೆಸರು ನೆನಪಿಗೆ ಬರುವುದೋ ಆ ಮಗುವಿನ ಆಸನವು ನಾಳೆ ಬದಲಾಗಲಿ. ಕಟ್ಟಕಡೆಯ ಎಲೆಗೆ ಬಡಿಸಿದ ಮೇಲೆಯೇ ಪಂಕ್ತಿ ಮುಗಿದಂತೆ. ಬಾಗಿಲ ಬಳಿಯ ಮಗುವನ್ನು ಮುಟ್ಟಿದ ಮೇಲೆಯೇ ಪಾಠ ಮುಗಿದಂತೆ.