ಮೂಡಣವನ್ನು ಮರೆತ ಪದ: ‘ಓರಿಯೆಂಟೇಶನ್’

ಕಾಲೇಜಿಗೆ ಹೊಸದಾಗಿ ಸೇರಿದವರ ಮೊದಲ ದಿನದ ಕಾರ್ಯಕ್ರಮಕ್ಕೂ, ಮೊಬೈಲಿನ ಪರದೆ ಅಡ್ಡಕ್ಕಿದೆಯೋ ಉದ್ದಕ್ಕಿದೆಯೋ ಎಂಬುದಕ್ಕೂ, ವ್ಯಕ್ತಿಯ ಲೈಂಗಿಕ ಒಲವಿಗೂ ಇಂದು ಸಲ್ಲುತ್ತಿರುವ ಇಂಗ್ಲಿಷಿನ ‘ಓರಿಯೆಂಟೇಶನ್’ ಎಂಬ ಪದ ಹುಟ್ಟಿದ್ದು ಸೂರ್ಯೋದಯದಿಂದ ಎಂಬುದು ಅದನ್ನು ದಿನವೂ ಬಳಸುವವರ ನೆನಪಿಗೂ ಬರುವುದು ವಿರಳ. ಲ್ಯಾಟಿನ್ ಭಾಷೆಯಲ್ಲಿ ‘ಒರಿರಿ’ ಎಂದರೆ ಏಳುವುದು, ಹುಟ್ಟುವುದು. ಅದರಿಂದಾದ ‘ಒರಿಯೆನ್ಸ್’ ಮೊದಲು ಏಳುತ್ತಿರುವ ಸೂರ್ಯನನ್ನೂ ಆ ಮೂಲಕ ಸೂರ್ಯನೇಳುವ ದಿಕ್ಕನ್ನೂ ಸೂಚಿಸಿತು. ಅದಕ್ಕೆದುರಾಗಿ ಪಶ್ಚಿಮವನ್ನು ಹೇಳುವ ‘ಆಕ್ಸಿಡೆಂಟ್’ (Occident) ಎಂಬ ಪದ ಬೀಳು, ಮುಳುಗು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದುದು. ಕನ್ನಡದ ಕಿವಿಗೆ ಈ ಜೋಡಿ ಅಪರಿಚಿತವೇನಲ್ಲ, ಏಕೆಂದರೆ ‘ಮೂಡು’ ಎಂಬುದರಿಂದ ಮೂಡಣವೂ, ಬೀಳು, ಮುಳುಗು ಎಂಬರ್ಥದ ‘ಪಡು’ ಎಂಬುದರಿಂದ ಪಡುವಣವೂ ಆಗಿವೆ. ಕರಾವಳಿಯ ಮೂಡುಬಿದಿರೆ, ಪಡುಬಿದ್ರಿ ಎಂಬ ಊರುಗಳ ಹೆಸರಿನ ಮೊದಲಲ್ಲಿ ಈ ಎರಡೂ ಪದಗಳು ಇಂದಿಗೂ ನಿಂತಿವೆ. ಒಂದು ಭಾಷೆ ಇನ್ನೊಂದರಿಂದ ಎರವಲು ತಂದ ಮಾತಲ್ಲ ಇದು. ಎರಡು ನಾಡುಗಳ ಜನ ಒಂದೇ ಸೂರ್ಯನನ್ನು ನೋಡಿ ಒಂದೇ ಬಗೆಯಲ್ಲಿ ಹೆಸರಿಟ್ಟದ್ದು.

ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ‘ಓರಿಯೆಂಟ್’ 14ನೆಯ ಶತಮಾನದಿಂದ ನಾಮಪದವಾಗಿ ಬಳಕೆಯಲ್ಲಿದ್ದು, ಅದು ಕ್ರಿಯಾಪದವಾದದ್ದು ಬಹಳ ತಡವಾಗಿ, 18ನೆಯ ಶತಮಾನದಲ್ಲಿ. ಆದರೆ ಪೂರ್ವಕ್ಕೆ ಮುಖ ಮಾಡಿಸುವ ಆ ಕ್ರಿಯೆ ಪದಕ್ಕಿಂತ ಹಳೆಯದು: ಯುರೋಪಿನ ಚರ್ಚುಗಳನ್ನು ಪೂಜಾಪೀಠ ಪೂರ್ವದ ತುದಿಗೆ ಬರುವಂತೆ ಕಟ್ಟುವ ರೂಢಿ ಮಧ್ಯಯುಗದಲ್ಲಿ ಬಲವಾಗಿತ್ತು. ನಕಾಶೆಗಳದ್ದೂ ಅದೇ ಕಥೆ. ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿರುವ, ಸುಮಾರು 1300ರ ಕಾಲದ, ಒಂದೇ ಕರುವಿನ ತೊಗಲಿನ ಮೇಲೆ ಬರೆದ ಜಗತ್ತಿನ ನಕಾಶೆಯಲ್ಲಿ ಮೇಲುಗಡೆ ಇರುವುದು ಉತ್ತರವಲ್ಲ, ಪೂರ್ವ. ತುತ್ತತುದಿಯಲ್ಲಿ ಏಡನ್ ತೋಟ, ನಟ್ಟನಡುವೆ ಜೆರುಸಲೇಮ್, ಮತ್ತು ನಕಾಶೆ ಬರೆದವರ ಸ್ವಂತ ದ್ವೀಪ ಕೆಳಗಿನ ಎಡ ಮೂಲೆಯಲ್ಲಿ ಅಂಚಿಗೆ ಒತ್ತರಿಸಿಕೊಂಡಿದೆ. ಮುಂದೆ ನಕಾಶೆಯ ತಲೆಯ ಜಾಗ ಉತ್ತರಕ್ಕೆ ಸಂದಿತಾದರೂ ಕ್ರಿಯಾಪದ ಬದಲಾಗಲಿಲ್ಲ. ಹಾಗಾಗಿ ಕಾಡಿನಲ್ಲಿ ನಕಾಶೆ ಮತ್ತು ದಿಕ್ಸೂಚಿ ಹಿಡಿದು ಗುರುತುಗಳನ್ನು ಹುಡುಕುತ್ತ ಓಡುವ, ಸ್ವೀಡನ್ನಿನಲ್ಲಿ ಸೈನಿಕ ಅಭ್ಯಾಸವಾಗಿ ಹುಟ್ಟಿದ ‘ಓರಿಯೆಂಟಿಯರಿಂಗ್’ ಕ್ರೀಡೆಯಲ್ಲಿ, ಆಟಗಾರ ನಕಾಶೆಯನ್ನು ಉತ್ತರಕ್ಕೆ ಹೊಂದಿಸುವ ಕೆಲಸಕ್ಕೂ ಪೂರ್ವದ ಹೆಸರೇ ಉಳಿದಿದೆ. ಬ್ರಿಟಿಷರು ಇದೇ ಕ್ರಿಯಾಪದಕ್ಕೆ ಇನ್ನೊಂದು ಬಾಲ ಸೇರಿಸಿ ‘ಓರಿಯೆಂಟೇಟ್’ ಎನ್ನುವುದೂ, ಅಮೆರಿಕದ ಅನೇಕರು ಅದನ್ನು ಅನಗತ್ಯವೆಂದು ಮೂಗು ಮುರಿಯುವುದೂ ಪಂಡಿತರ ಜಗಳವಷ್ಟೆ, ಅರ್ಥದಲ್ಲಿ ವ್ಯತ್ಯಾಸವಿಲ್ಲ.

ಪೂರ್ವವನ್ನು ಕಳೆದುಕೊಂಡ ಮೇಲೆ ಪದದಲ್ಲಿ ಉಳಿದದ್ದೇನು ಎಂಬುದನ್ನು ಸ್ಪಷ್ಟವಾಗಿ ಕಂಡವನು ಜರ್ಮನ್ ತತ್ತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್. ಚಿಂತನೆಯಲ್ಲಿ ದಿಕ್ಕು ಕಂಡುಕೊಳ್ಳುವುದೆಂದರೇನು ಎಂಬುದನ್ನು ಕುರಿತು 1786ರಲ್ಲಿ ಬರೆದ ಪ್ರಬಂಧದಲ್ಲಿ ಅವನು ಕತ್ತಲೆಯ ಕೋಣೆಯೊಂದನ್ನು ಕಲ್ಪಿಸುತ್ತಾನೆ. ಕೋಣೆ ಪರಿಚಿತವಾಗಿದ್ದರೆ ಒಂದೇ ಒಂದು ಸಾಮಾನು ಕೈಗೆ ತಗುಲಿದರೂ ಉಳಿದವು ಎಲ್ಲಿವೆಯೆಂದು ತಿಳಿಯುತ್ತದೆ. ಆದರೆ ಯಾರೋ ಕುಚೇಷ್ಟೆಗಾಗಿ ಎಡಗಡೆಯದನ್ನೆಲ್ಲ ಬಲಕ್ಕೂ ಬಲಗಡೆಯದನ್ನೆಲ್ಲ ಎಡಕ್ಕೂ ಸರಿಸಿಟ್ಟಿದ್ದರೆ, ಆಗ ನೆರವಿಗೆ ಬರುವುದು ಯಾವ ವಸ್ತುವೂ ಅಲ್ಲ, ತನ್ನ ಎಡಬಲಗಳು ಬೇರೆಬೇರೆ ಎಂಬ ಮೈಯೊಳಗಿನ ಅರಿವು. ಅಂದರೆ ದಿಕ್ಕು ಹುಡುಕುವವನ ಬಳಿ ಹುಡುಕಾಟಕ್ಕೆ ಮೊದಲೇ ಯಾವುದಾದರೊಂದು ನೆಲೆ ಇರಲೇಬೇಕು. ಇವತ್ತು ಯಾವ ವಾರ, ಇದು ಯಾವ ಜಾಗ, ನಿಮ್ಮ ಹೆಸರೇನು ಎಂದು ರೋಗಿಯನ್ನು ಕೇಳಿ, ಉತ್ತರ ಸರಿಯಿದ್ದರೆ ‘ಓರಿಯೆಂಟೆಡ್’ ಎಂದು ಚೀಟಿಯಲ್ಲಿ ಬರೆಯುವ ವೈದ್ಯರೂ ಪರೀಕ್ಷಿಸುವುದು ಈ ನೆಲೆಯನ್ನೇ.

ನಾಮಪದದ ಹಾದಿ ಬೇರೆಯಾಯಿತು. ‘ಓರಿಯೆಂಟ್’ ಎಂಬುದು ಯುರೋಪಿನಲ್ಲಿ ನಿಂತವರಿಗೆ ಮಾತ್ರ ಪೂರ್ವವಾಗಿರುವ ನಾಡುಗಳ ಹೆಸರಾಯಿತು. ಆ ಹೆಸರಿಡುವಿಕೆಯ ಹಿಂದಿನ ಅಧಿಕಾರವನ್ನು ಎಡ್ವರ್ಡ್ ಸೈದ್ 1978ರ ‘ಓರಿಯೆಂಟಲಿಸಂ’ ಗ್ರಂಥದಲ್ಲಿ ವಿಶ್ಲೇಷಿಸಿದರು. 1891ರಲ್ಲಿ ಓರಿಯೆಂಟಲ್ ಲೈಬ್ರರಿ ಎಂದು ಆರಂಭವಾಗಿ, ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಸಂಸ್ಥೆ, ತಾನಿರುವ ನೆಲವನ್ನೇ ಯುರೋಪಿನ ಕಡೆಯಿಂದ ನೋಡಿದ ಹೆಸರನ್ನು ಹೊತ್ತುಕೊಂಡಿತು.

ಆದರೆ ‘ಓರಿಯೆಂಟಲ್’ ಎಂಬುದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ಬಂದ ‘ಪ್ರಾಚ್ಯ’ ಎಂಬ ಸಂಸ್ಕೃತ ಪದಕ್ಕೆ ಆ ದೋಷವಿಲ್ಲ. ಅದರ ಮೂಲಾರ್ಥ ‘ಮುಂದಿನದು’ ಎಂದು; ದಕ್ಷಿಣವೆಂದರೆ ಬಲವೂ ಹೌದು, ಪಶ್ಚಿಮವೆಂದರೆ ಹಿಂದಿನದೂ ಹೌದು, ಆದುದರಿಂದ ಈ ಪದಗಳೊಳಗೆ ಉದಯಸೂರ್ಯನಿಗೆ ಮುಖ ಮಾಡಿ ನಿಂತ ಮನುಷ್ಯನೊಬ್ಬನಿದ್ದಾನೆ. ‘ಓರಿಯೆಂಟೇಶನ್’ ಎಂಬುದನ್ನು ‘ಅಭಿಮುಖತೆ’ ಎಂದು ಅನುವಾದಿಸುವ ರೂಢಿಯಿದೆಯಾದರೂ ಅದು ಮುಖ ಯಾವ ಕಡೆಗಿದೆಯೆಂದಷ್ಟೇ ಹೇಳುತ್ತದೆ, ದಿಕ್ಕು ಕಂಡುಕೊಂಡ ಶ್ರಮವನ್ನು ಹೇಳುವುದಿಲ್ಲ. ಕಳೆದುಕೊಂಡ ಸ್ಥಿತಿಗಾದರೋ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ: ದಿಕ್ಕೆಡು, ದಿಕ್ಕುತಪ್ಪು, ದಿಕ್ಕು ತೋಚದಿರು, ದಿಗ್ಭ್ರಮೆ. ‘ದಿಕ್ಕಿಲ್ಲದವರು’ ಎಂದಾಗ ಮಾತ್ರ ಕನ್ನಡ ಇಂಗ್ಲಿಷ್ ಪದ ಮುಟ್ಟದ ಕಡೆಗೆ ಹೋಗುತ್ತದೆ, ಏಕೆಂದರೆ ಅಲ್ಲಿ ದಿಕ್ಕೆಂದರೆ ಪೂರ್ವವೂ ಅಲ್ಲ, ಪಶ್ಚಿಮವೂ ಅಲ್ಲ, ಆಸರೆಯಾಗಿ ನಿಲ್ಲುವ ಮನುಷ್ಯ.